ಧೂಳಿನ ದೆವ್ವ: ಮರಳುಗಾಡಿನ ಒಂದು ಚಿತ್ರಪಟ

ಬಿಸಿಲು ಬಲಿತ ಬಯಲಿನಲ್ಲಿ ಧೂಳನ್ನೂ ತರಗೆಲೆಗಳನ್ನೂ ಸುತ್ತಿಕೊಂಡು ಕಂಬದಂತೆ ಮೇಲೇಳುವ ಸುಳಿಗಾಳಿಯನ್ನು ನಮ್ಮ ವಾಚಕರೆಲ್ಲರೂ ಕಂಡಿರುವರು. ಕಾದ ನೆಲಕ್ಕೆ ತಗುಲಿದ ಗಾಳಿಯು ಹಗುರಾಗಿ ಮೇಲಕ್ಕೇರುವುದು; ಆ ತೆರವನ್ನು ತುಂಬಲು ಸುತ್ತಲಿನ ಗಾಳಿಯು ನುಗ್ಗಿದಾಗ ಸುಳಿ ಹುಟ್ಟುವುದು. ಮೋಡವಿಲ್ಲದ ಹಗಲೇ ಇದರ ಕಾಲ. ಶಾಸ್ತ್ರಜ್ಞರ ವಿವರಣೆ ಇಷ್ಟೆ. ಆದರೆ ಜನರ ಮನಸ್ಸು ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಕನ್ನಡದಲ್ಲಿ ‘ಗಾಳಿ’ ಎಂದರೆ ವಾಯುವೂ ಹೌದು, ಪಿಶಾಚವೂ ಹೌದು. ‘ಗಾಳಿ ಸೋಕಿತು’ ಎಂಬ ಮಾತನ್ನು ಕೇಳದ ಮನೆ ಯಾವುದು? ಇಂಗ್ಲಿಷರೂ ಈ ಸುಳಿಗೆ ‘ಡಸ್ಟ್ ಡೆವಿಲ್’, ಎಂದರೆ ಧೂಳಿನ ದೆವ್ವ, ಎಂದೇ ಹೆಸರಿಟ್ಟಿದ್ದಾರೆ. ಅದೇ ಹೆಸರನ್ನು ಹೊತ್ತು 1992ರಲ್ಲಿ ಸಿದ್ಧವಾದ ಒಂದು ಚಿತ್ರಪಟವನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಮೊದಲೇ ಒಂದು ಮಾತು. ಈ ಚಿತ್ರವು ಮಕ್ಕಳೊಡನೆ ಕುಳಿತು ನೋಡತಕ್ಕುದಲ್ಲ. ಇದರಲ್ಲಿ ರಕ್ತವು ಧಾರಾಳವಾಗಿದೆ. ಕೆಲವು ಕಡೆ ಅವಶ್ಯಕ್ಕಿಂತಲೂ ಹೆಚ್ಚಾಗಿಯೇ ಇದೆಯೆಂದು ನಮ್ಮ ಎಣಿಕೆ. ಹಾಗಿದ್ದರೂ ಗೃಹಸ್ಥರ ಮುಂದೆ ಇದರ ಪ್ರಸ್ತಾಪವನ್ನು ತರುವುದಕ್ಕೆ ಕಾರಣವುಂಟು. ದೆವ್ವದ ಕಥೆಗಳು ಸಾವಿರವಿದ್ದರೂ, ದೆವ್ವವು ಯಾರ ಮನೆಯ ಬಾಗಿಲನ್ನು ತಟ್ಟುತ್ತದೆ, ಯಾರು ಅದಕ್ಕೆ ಬಾಗಿಲು ತೆರೆಯುತ್ತಾರೆ ಎಂಬುದನ್ನು ಇಷ್ಟು ಮನಮುಟ್ಟುವಂತೆ ವಿಚಾರಿಸಿದ ಚಿತ್ರಗಳು ವಿರಳ.

ಕಥೆಯು ನಡೆಯುವುದು ಆಫ್ರಿಕಾ ಖಂಡದ ನೈಋತ್ಯ ಭಾಗದಲ್ಲಿರುವ ನಮೀಬಿಯಾ ದೇಶದಲ್ಲಿ. ವಿಸ್ತಾರದಲ್ಲಿ ಆ ದೇಶವು ಕರ್ನಾಟಕದ ನಾಲ್ಕರಷ್ಟಕ್ಕಿಂತಲೂ ದೊಡ್ಡದು. ಜನಸಂಖ್ಯೆಯಾದರೋ 2023ರ ಖಾನೇಷುಮಾರಿಯಂತೆ ಸುಮಾರು 30 ಲಕ್ಷ ಮಾತ್ರ. ಅದರ ಪಶ್ಚಿಮದ ಅಂಚಿನುದ್ದಕ್ಕೂ ಅಟ್ಲಾಂಟಿಕ್ ಸಮುದ್ರವನ್ನು ಒತ್ತಿಕೊಂಡು ನಮಿಬ್ ಮರಳುಗಾಡು ಚಾಚಿದೆ. ಸಮುದ್ರವು ಪಕ್ಕದಲ್ಲಿಯೇ ಇದ್ದರೂ ಮಳೆಯಿಲ್ಲ. ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹವು ತೀರದಲ್ಲಿ ಹರಿಯುವುದರಿಂದ ಅಲ್ಲಿ ಮೋಡದ ಬದಲು ಮಂಜು ಹುಟ್ಟುತ್ತದೆ. ಒಂದು ಜಾತಿಯ ಜೀರುಂಡೆಯು ಮರಳದಿಣ್ಣೆಯ ಮೇಲೆ ತಲೆ ಕೆಳಗಾಗಿ ನಿಂತು, ಬೆನ್ನ ಮೇಲೆ ಕಟ್ಟಿದ ಮಂಜಿನ ಹನಿಯು ಬಾಯಿಗೆ ಇಳಿಯುವವರೆಗೂ ಕಾದು ನೀರು ಕುಡಿಯುತ್ತದೆಯಂತೆ. ಇಂತಹ ನೆಲದಲ್ಲಿ ದಾರಿಯ ಬದಿಯಲ್ಲಿ ಒಬ್ಬನೇ ನಿಂತಿರುವ ಮನುಷ್ಯನನ್ನು ಕಂಡರೆ ಗಾಡಿಯನ್ನು ನಿಲ್ಲಿಸದೆ ಹೋಗುವುದು ಹೇಗೆ? ಕಥೆಯ ಬೀಜವು ಇದೇ.

ಆ ಪಥಿಕನೇ ಧೂಳಿನ ದೆವ್ವ. ಮನುಷ್ಯದೇಹದಲ್ಲಿ ಸಿಕ್ಕಿಕೊಂಡಿರುವ ಆ ಪಿಶಾಚಕ್ಕೆ ತನ್ನ ಲೋಕಕ್ಕೆ ಹಿಂದಿರುಗಬೇಕೆಂಬ ಹಂಬಲ. ಅದಕ್ಕೆ ಬೇಕಾದ ಬಲವನ್ನು ಕೊಲೆಗಳಿಂದ ಕೂಡಿಸಿಕೊಳ್ಳುತ್ತದೆ. ಸತ್ತವರ ಬೆರಳುಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತದೆ. ಆದರೆ ಅದು ಕಂಡಕಂಡವರನ್ನು ಕೊಲ್ಲುವುದಿಲ್ಲ. ಬದುಕಿನ ಮೇಲೆ ಆಸೆಯನ್ನು ಬಿಟ್ಟವರು, ಒಂಟಿಯಾದವರು, ಇನ್ನು ಸಾಕೆಂದವರು, ಇವರ ವಾಸನೆಯನ್ನೇ ಹಿಡಿದು ಬರುತ್ತದೆ. ಮೊದಲನೆಯ ದೃಶ್ಯದಲ್ಲಿಯೇ ಒಬ್ಬ ಹೆಂಗಸು ಅವನನ್ನು ತನ್ನ ಕಾರಿನಲ್ಲಿ ಹತ್ತಿಸಿಕೊಂಡು ಒಂಟಿಮನೆಗೆ ಕರೆದೊಯ್ಯುತ್ತಾಳೆ. ಮುಂದೇನಾಯಿತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಕಥೆಯ ನಾಯಿಕೆಯಾದ ವೆಂಡಿಯು ಗಂಡನೊಡನೆ ವಿರಸವಾಗಿ ಮನೆಯನ್ನು ಬಿಟ್ಟು, ಎಲ್ಲಿಗೆಂಬ ಗೊತ್ತಿಲ್ಲದೆ ದಕ್ಷಿಣ ಆಫ್ರಿಕದಿಂದ ಗಾಡಿಯನ್ನು ಓಡಿಸಿಕೊಂಡು ಹೊರಟವಳು. ಒಂದು ರಾತ್ರಿ ಪ್ರಾಣವನ್ನೇ ನೀಗಿಕೊಳ್ಳಲು ಯೋಚಿಸುವಳು. ಪಥಿಕನು ಅವಳನ್ನು ಸೇರಿಕೊಳ್ಳುತ್ತಾನೆ. ಆದರೆ ಇವಳಲ್ಲಿ ಬದುಕುವ ಆಸೆಯು ಪೂರ್ತಿಯಾಗಿ ಆರಿಲ್ಲವೆಂಬುದು ದೆವ್ವಕ್ಕೂ ಅರಿವಾಗುತ್ತದೆ, ಅವಳಿಗೂ ಅರಿವಾಗುತ್ತದೆ. ಉಳಿದ ಕಥೆಯೆಲ್ಲ ಈ ಒಂದು ಎಳೆಯ ಮೇಲೆ ತೂಗುತ್ತಿದೆ. ಹೆಂಡತಿಯನ್ನು ಹುಡುಕಿಕೊಂಡು ಬರುವ ಗಂಡನ ಪಾತ್ರವು ಮಾತ್ರ ಬಹಳ ತೆಳುವಾಗಿದೆ. ಅವನ ಮನಸ್ಸಿನಲ್ಲಿಯೂ ಏನಾದರೂ ಇದ್ದಿರಬೇಕಷ್ಟೆ!

ಇದನ್ನು ನಿರ್ದೇಶಿಸಿದವನು ರಿಚರ್ಡ್ ಸ್ಟಾನ್ಲಿ. 1966ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದವನು. ಆತನ ತಾಯಿ ಪೆನ್ನಿ ಮಿಲ್ಲರ್ ಆ ಪ್ರಾಂತದ ಪುರಾಣ, ಐತಿಹ್ಯಗಳನ್ನು ಸಂಗ್ರಹಿಸಿ ಗ್ರಂಥವನ್ನು ಬರೆದ ವಿದುಷಿ. ತಾಯಿಯ ಮಡಿಲಲ್ಲಿ ಕೇಳಿದ ಕಥೆಗಳು ಮಗನ ಕೈಯಲ್ಲಿ ಚಿತ್ರವಾದುವೆಂದರೆ ತಪ್ಪಾಗಲಾರದು. ಬೆಥನಿ ಎಂಬ ಊರಿನ ಸುತ್ತಮುತ್ತ ನಿಜವಾಗಿ ನಡೆದ ಕೊಲೆಗಳೂ, ಅವನ್ನು ಕುರಿತು ಜನರು ಆಡಿಕೊಂಡ ಮಾತುಗಳೂ ತನ್ನ ಕಥೆಗೆ ಪ್ರೇರಣೆಯೆಂದು ಆತನು ಹೇಳಿದ್ದಾನೆ.

ಕೊಲೆಗಾರನನ್ನು ಅರಸುವ ಪೋಲೀಸಿನವನ ಹೆಸರು ಬೆನ್ ಮುಕುರೋಬ್. ಹೆಂಡತಿ, ಮಗ ಇಬ್ಬರನ್ನೂ ಕಳೆದುಕೊಂಡು, ರಾತ್ರಿಯ ಕನಸುಗಳಿಗೆ ಅಂಜಿ ಬದುಕುವವನು. ದೆವ್ವವೆಂದರೆ ನಂಬದವನು. ಮಂತ್ರವಾದಿಯಾದ ಜೋ ಎಂಬ ಗೆಳೆಯನು ಹೇಳುವುದನ್ನು ಕೇಳುತ್ತ ಕೇಳುತ್ತ, ನಂಬಲಾರದೆ, ನಂಬದೆ ಇರಲಾರದೆ ತೊಳಲುವನು. (ಜೋ ಬಹಳ ಮಾತನಾಡುತ್ತಾನೆ, ಅರ್ಧ ಮಾತಾಡಿದ್ದರೂ ಸಾಕಾಗಿತ್ತು.) ನಮೀಬಿಯಾದಲ್ಲಿ ಮುಕುರೋಬ್ ಎಂಬ ಹೆಸರಿನ ಒಂದು ಕಲ್ಲುಗಂಬವಿತ್ತು. ಸಣ್ಣ ಕುತ್ತಿಗೆಯ ಮೇಲೆ ಭಾರವಾದ ತಲೆಯನ್ನು ಹೊತ್ತು ನಿಂತಿದ್ದ ಅದನ್ನು ‘ದೇವರ ಬೆರಳು’ ಎಂದೂ ಕರೆಯುತ್ತಿದ್ದರು. 1988ರ ಡಿಸೆಂಬರಿನಲ್ಲಿ ಅದು ತಾನಾಗಿಯೇ ಉರುಳಿಬಿತ್ತು. ದೇವರ ಬೆರಳು ಮುರಿದ ನಾಡಿನಲ್ಲಿ, ಬೆರಳುಗಳನ್ನು ಕತ್ತರಿಸುವ ಕೊಲೆಗಾರನನ್ನು ಆ ಹೆಸರಿನವನೇ ಹುಡುಕುವುದು ನೋಡುವವರ ಮನಸ್ಸಿಗೆ ತಟ್ಟದಿರದು.

ಈ ಪಾತ್ರವನ್ನು ಧರಿಸಿದವನು ಜೇಕ್ಸ್ ಮೊಕಾಯೆ. ಕರಿಯರೂ ಬಿಳಿಯರೂ ಒಂದೇ ರಂಗದ ಮೇಲೆ ನಿಲ್ಲಬಾರದೆಂಬ ಕಾಲದಲ್ಲಿ, 1961ರಲ್ಲಿ, ನಾಟಕಕಾರ ಅಥೋಲ್ ಫುಗಾರ್ಡನೊಡನೆ ದಕ್ಷಿಣ ಆಫ್ರಿಕದ ರಂಗವನ್ನು ಹತ್ತಿದವನು, 1982ರಲ್ಲಿ ಅಮೆರಿಕದ ‘ಟೋನಿ’ ಪಾರಿತೋಷಕವನ್ನು ಪಡೆದವನು, 2009ರಲ್ಲಿ ತೀರಿಕೊಂಡನು. ಅವನು ಸುಮ್ಮನೆ ಕುಳಿತಿರುವ ದೃಶ್ಯಗಳಲ್ಲಿ ಕಾಣುವ ದಣಿವು ಅಭಿನಯವೆಂದು ತೋರುವುದೇ ಇಲ್ಲ.

ಕಥೆಯ ಕೊನೆಯು ನಡೆಯುವ ಸ್ಥಳ ಕೋಲ್ಮನ್ಸ್‌ಕೋಪ್. ಇದು ಚಿತ್ರಕ್ಕಾಗಿ ಕಟ್ಟಿದ ಊರಲ್ಲ. ಲ್ಯೂಡರಿಟ್ಸ್ ಎಂಬ ರೇವುಪಟ್ಟಣದಿಂದ ಸುಮಾರು 10 ಕಿಲೋಮೀಟರು ಒಳನಾಡಿನಲ್ಲಿ ಇಂದಿಗೂ ನಿಂತಿದೆ. 1908ರಲ್ಲಿ ಜಕರಿಯಾಸ್ ಲೆವಾಲ ಎಂಬ ರೈಲ್ವೆ ಕೂಲಿಯು ಹಳಿಯ ಮೇಲಿನ ಮರಳನ್ನು ತೆಗೆಯುತ್ತಿದ್ದಾಗ ಹೊಳೆಯುವ ಕಲ್ಲೊಂದು ಸಿಕ್ಕಿತು. ತನ್ನ ಮೇಲ್ವಿಚಾರಕನಾದ ಆಗಸ್ಟ್ ಸ್ಟೌಕನಿಗೆ ತೋರಿಸಿದನು. ಅದು ವಜ್ರ. ಆಗ ಆ ನಾಡು ಜರ್ಮನರ ಕೈಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ಮರಳಿನ ನಡುವೆ ಜರ್ಮನ್ ಮಾದರಿಯ ಮಹಡಿಮನೆಗಳೂ, ಆಸ್ಪತ್ರೆಯೂ, ಮಂಜುಗಡ್ಡೆಯ ಕಾರ್ಖಾನೆಯೂ, ನಾಟಕಶಾಲೆಯೂ ಎದ್ದುವು. ಕುಡಿಯುವ ನೀರನ್ನೇ ದೂರದಿಂದ ತರಿಸಬೇಕಾದ ಸ್ಥಳದಲ್ಲಿ ಮಂಜುಗಡ್ಡೆ! 1928ರಲ್ಲಿ ದಕ್ಷಿಣದ ಕಡೆ ಆರೆಂಜ್ ನದಿಯ ಬಳಿ ಇನ್ನೂ ಹೆಚ್ಚಿನ ವಜ್ರಗಳು ಸಿಕ್ಕಿದೊಡನೆ ಜನರು ಅತ್ತ ತೆರಳಿದರು. 1956ರ ಹೊತ್ತಿಗೆ ಊರಿನಲ್ಲಿ ಒಬ್ಬರೂ ಉಳಿಯಲಿಲ್ಲ. ಈಗ ಬಾಗಿಲುಗಳ ಅರ್ಧದವರೆಗೆ ಮರಳು ತುಂಬಿದೆ. ಗೋಡೆಯ ಬಣ್ಣದ ಕಾಗದವು ಮಾತ್ರ ಅಲ್ಲಲ್ಲಿ ಹಾಗೆಯೇ ಇದೆ. ಯಾರದೋ ಮಕ್ಕಳು ಮಲಗುತ್ತಿದ್ದ ಕೋಣೆಯಲ್ಲಿ ಮರಳಿನ ದಿಣ್ಣೆಯೊಂದು ಕಿಟಕಿಯ ತನಕ ಏರಿ ನಿಂತಿರುವುದನ್ನು ಕಂಡಾಗ, ನಮಗಂತೂ ದೆವ್ವವನ್ನು ಕಂಡುದಕ್ಕಿಂತ ಹೆಚ್ಚಾಗಿ ಮೈ ನಡುಗಿತು.

ಇದೇ ಲ್ಯೂಡರಿಟ್ಸಿನ ಶಾರ್ಕ್ ದ್ವೀಪದಲ್ಲಿ 1905ರಿಂದ 1907ರವರೆಗೆ ಜರ್ಮನರು ಹೆರೆರೊ, ನಾಮಾ ಜನಾಂಗಗಳವರನ್ನು ಕೂಡಿಹಾಕಿದ್ದರು. ಹೆಂಗಸರು ಮಕ್ಕಳೆನ್ನದೆ ಬಹುಮಂದಿ ಅಲ್ಲಿಯೇ ಸತ್ತರು. ಆ ಕಾಲದ ಹತ್ಯೆಗಳು ಜನಾಂಗಹತ್ಯೆಯೇ ಎಂದು ಜರ್ಮನ್ ಸರಕಾರವು 2021ರಲ್ಲಿ ಒಪ್ಪಿಕೊಂಡಿತು. ಚಿತ್ರದ ಕಥೆಯು ಇದನ್ನು ಹೇಳಿಕೊಂಡು ಹೊರಟುದಲ್ಲ. ಆದರೆ ನೆಲದ ಈ ಚರಿತ್ರೆಯನ್ನು ತಿಳಿದು ನೋಡುವವರಿಗೆ ಆ ಗಾಳಿಯ ಸದ್ದು ಬೇರೆಯಾಗಿ ಕೇಳಿಸುವುದು. ಜರ್ಮನರ ಬಳಿಕ ದಕ್ಷಿಣ ಆಫ್ರಿಕದವರು ಆಳಿದರು. 1990ರ ಮಾರ್ಚಿ 21ರಂದು ನಮೀಬಿಯಾ ಸ್ವತಂತ್ರವಾಯಿತು. ಅದರ ಬೆನ್ನಿಗೇ ಈ ಚಿತ್ರದ ತಂಡವು ಅಲ್ಲಿಗೆ ಹೋಯಿತು.

ಇನ್ನು ಚಿತ್ರಕ್ಕೆ ಒದಗಿದ ಗತಿ. ಅದನ್ನು ತೆಗೆಸುತ್ತಿದ್ದ ‘ಪ್ಯಾಲೆಸ್ ಪಿಕ್ಚರ್ಸ್’ ಎಂಬ ಇಂಗ್ಲೆಂಡಿನ ಸಂಸ್ಥೆಯು 1992ರಲ್ಲಿ ದಿವಾಳಿಯೆದ್ದಿತು. ಅಮೆರಿಕದಲ್ಲಿ ಹಂಚಿದ ‘ಮಿರಾಮ್ಯಾಕ್ಸ್’ ಸಂಸ್ಥೆಯವರು ಚಿತ್ರವನ್ನು 87 ನಿಮಿಷಗಳಿಗೆ ಮೊಟಕು ಮಾಡಿದರು. ಕತ್ತರಿಯು ಎಲ್ಲಿ ಬಿದ್ದಿತೆಂಬುದನ್ನು ಗಮನಿಸಬೇಕು. ಬೆನ್ನನ ಕನಸುಗಳು, ಪಿಶಾಚದ ಪೂರ್ವೋತ್ತರಗಳು, ಜನರ ನಂಬಿಕೆಗಳು ಬಹುಮಟ್ಟಿಗೆ ಹೋದುವು. ಓಟ, ಕೊಲೆ, ಗುಂಡು ಉಳಿದುವು. ನಮ್ಮ ಆಲಂಕಾರಿಕರು ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸಗಳಾಗಿ ಎಣಿಸಿದರು. ಒಂದಕ್ಕೆ ಭಯವು ಸ್ಥಾಯಿ, ಮತ್ತೊಂದಕ್ಕೆ ಜುಗುಪ್ಸೆ. ಈ ವರ್ತಕರು ಭಯಾನಕವನ್ನು ಕತ್ತರಿಸಿ ಎಸೆದು ಬೀಭತ್ಸವನ್ನು ಮಾರಿದರು. ದುಃಖವನ್ನು ತೆಗೆದುಬಿಟ್ಟರೆ ಈ ಕಥೆಯಲ್ಲಿ ದೆವ್ವಕ್ಕೆ ನಿಲ್ಲಲು ನೆಲವೇ ಇಲ್ಲವೆಂಬುದು ಅವರಿಗೆ ಹೊಳೆಯಲಿಲ್ಲ.

ಸ್ಟಾನ್ಲಿಯು ತನ್ನ ಕೈಯಿಂದಲೇ ಹಣವನ್ನು ಹಾಕಿ, ಚೆದರಿದ್ದ ಫಿಲ್ಮನ್ನು ಕೂಡಿಸಿ, ತನ್ನ ಮನಸ್ಸಿಗೆ ಒಪ್ಪುವಂತೆ ಚಿತ್ರವನ್ನು ಮತ್ತೆ ಜೋಡಿಸಿದನು. ಸುಮಾರು ಒಂದೂಮುಕ್ಕಾಲು ಘಂಟೆಯ ಆ ಪ್ರತಿಯು 2006ರಲ್ಲಿ ಅಮೆರಿಕದಲ್ಲಿ ಡಿ.ವಿ.ಡಿ. ತಟ್ಟೆಗಳಾಗಿ ಹೊರಬಂದಿತು. ಆದುದರಿಂದ ಈ ಚಿತ್ರವನ್ನು ನೋಡಬಯಸುವ ಗೃಹಸ್ಥರು ಮೊದಲು ಅದರ ಅವಧಿಯನ್ನು ವಿಚಾರಿಸಿಕೊಳ್ಳಬೇಕು. 87 ನಿಮಿಷವೆಂದು ಕಂಡರೆ ಅದನ್ನು ಅಲ್ಲಿಗೇ ಬಿಡುವುದು ಲೇಸು. ದೊಡ್ಡ ಪ್ರತಿಯು ದೊರೆತರೆ ಮಕ್ಕಳು ಮಲಗಿದ ಮೇಲೆ ನೋಡಬಹುದು.