ಖಾಲಿ ಕಾಲಂ ಎಂದರೆ ಸೊನ್ನೆಯಲ್ಲ

ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದಲ್ಲಿ ನಮಗೆ ಇಂಟರ್‌ಪೋಲೇಶನ್ ಪಾಠವಿದೆ. ಕೋಷ್ಟಕದಲ್ಲಿ ಒಂದು ವರ್ಷದ ಅಂಕಿ ಬಿಟ್ಟುಹೋಗಿದ್ದರೆ ಉಳಿದ ವರ್ಷಗಳ ಅಂಕಿಗಳಿಂದ ಅದನ್ನು ಅಂದಾಜು ಮಾಡುತ್ತೇವೆ. ಆ ಲೆಕ್ಕ ಬಿಡಿಸುವಾಗ ನನಗೆ ನಮ್ಮ ಖಾಲಾ ಅವರ ತಾಯಿ ಕಾರ್ಡ್ ನೆನಪಾಯಿತು. ಖಾಲಾ ಇರುವುದು ಗಜೇಂದ್ರಗಡದ ಹತ್ತಿರದ ಹಳ್ಳಿಯಲ್ಲಿ. ಬಸುರಿಯಾಗಿದ್ದಾಗ ಎರಡು ತಿಂಗಳು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಆ ತಿಂಗಳುಗಳ ಹಿಮೋಗ್ಲೋಬಿನ್ ಕಾಲಂ ಖಾಲಿ.

ಅದನ್ನು ನಮ್ಮ ಸೂತ್ರದಿಂದ ತುಂಬಬಹುದೇ? ನಡುವೆ ದಿಢೀರ್ ಏರಿಳಿತ ಇಲ್ಲ ಎಂದು ಸೂತ್ರ ನಂಬುತ್ತದೆ. ಆದರೆ ಖಾಲಾ ಇಟ್ಟಿಗೆ ಹೊತ್ತದ್ದು, ಊಟ ಬಿಟ್ಟದ್ದು ಅದೇ ತಿಂಗಳುಗಳಲ್ಲಿ.

ಮಾಹಿತಿ ಮೂರು ರೀತಿ ತಪ್ಪಿಹೋಗುತ್ತದೆ ಎಂದು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ತೋರಿಸಿದ ದಾರಿಯಲ್ಲಿ ವಿಂಗಡಿಸುತ್ತಾರೆ. ಮಳೆಗೆ ರಿಜಿಸ್ಟರಿನ ಪುಟ ನೆನೆದರೆ ಅದು ಆಕಸ್ಮಿಕ. ಕೂಲಿಗೆ ಹೋಗುವವರು ತಪಾಸಣೆ ತಪ್ಪಿಸಿದರೆ, ಕಾರಣ ನಮಗೆ ಗೊತ್ತಿರುವ ಉದ್ಯೋಗದ ಕಾಲಂನಲ್ಲಿದೆ. ರಕ್ತ ಕಡಿಮೆಯಾಗಿ ನಿಶ್ಶಕ್ತಿಯಿಂದಲೇ ಬರಲಾಗದಿದ್ದರೆ, ಕಾರಣ ಆ ಕಾಣದ ಅಂಕಿಯಲ್ಲೇ ಅಡಗಿದೆ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ 100 ಗರ್ಭಿಣಿಯರು. ಪರೀಕ್ಷೆಯಾದವರು 80, ಅವರಲ್ಲಿ 40 ಮಂದಿಗೆ ರಕ್ತಹೀನತೆ. ಉಳಿದ 20 ಮಂದಿಯನ್ನು ಬಿಟ್ಟರೆ ಉತ್ತರ ಶೇ. 50. ಆ 20 ಮಂದಿಯೂ ಆರೋಗ್ಯವಾಗಿದ್ದರೆ ಶೇ. 40, ಎಲ್ಲರಿಗೂ ರಕ್ತಹೀನತೆ ಇದ್ದರೆ ಶೇ. 60. ಬಿಟ್ಟುಹೋದವರು ಹೆಚ್ಚಾಗಿ ಗುಳೆ ಹೋದವರೇ ಆಗಿದ್ದರೆ, ಬಡವರಿಗೂ ಉಳ್ಳವರಿಗೂ ಇರುವ ಅಂತರ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ.

ಹಾಗಾದರೆ ಏನು ಮಾಡುತ್ತಾರೆ? ಅದೇ ವಯಸ್ಸು, ಅದೇ ಕೆಲಸದ ಇತರ ಮಹಿಳೆಯರ ಅಂಕಿ ನೋಡಿ ಖಾಲಿ ಜಾಗವನ್ನು ಹಲವು ಸಲ ಬೇರೆ ಬೇರೆಯಾಗಿ ತುಂಬಿ, ಉತ್ತರ ಎಷ್ಟು ಬದಲಾಗುತ್ತದೆ ಎಂದು ಹೇಳುತ್ತಾರೆ. ಮೂರನೆಯ ರೀತಿಗೆ ಇದೂ ಸಾಲದು. ಊಹೆ ಬದಲಿಸಿ ಮತ್ತೆ ಪರೀಕ್ಷಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಎನ್ನುತ್ತದೆ. ಅಲ್ಲಿಯೂ ಉತ್ತರ ಸಿಗದವರ ಪರವಾಗಿ, ಉತ್ತರಿಸಿದವರ ಲೆಕ್ಕಕ್ಕೆ ಸ್ವಲ್ಪ ಹೆಚ್ಚು ತೂಕ ಕೊಡುತ್ತಾರೆ.

ಅಬ್ಬಾ ಅವರ ಅಂಗಡಿಯ ಉದ್ರಿ ಪುಸ್ತಕದಲ್ಲಿ ಒಂದು ಸಾಲು ಖಾಲಿಯಿದ್ದರೆ ಅವರು ಬಾಕಿ ಇಲ್ಲ ಎಂದುಕೊಳ್ಳುವುದಿಲ್ಲ. ಯಾಕೆ ಬರೆದಿಲ್ಲ ಎಂದು ಕೇಳುತ್ತಾರೆ. ಎನ್‌ಎಸ್‌ಎಸ್ ಸಮೀಕ್ಷೆಗೆ ಹೋಗುವ ಗೆಳೆಯ ಗೆಳತಿಯರೇ, ಬೀಗ ಹಾಕಿದ ಮನೆ ಸಿಕ್ಕರೆ ಗೆರೆ ಎಳೆದು ಬರಬೇಡಿ. ಪಕ್ಕದವರನ್ನು ಕೇಳಿ, ಕಾರಣ ಬರೆಯಿರಿ.