ನಿಮಗಿದು ಗೊತ್ತೆ? ಆಡದಿದ್ದರೂ ತಪ್ಪದ ಸಂಬಳ!

ಬಾಬಿ ಬೊನೀಯಾ ಬೇಸ್‌ಬಾಲ್ ಆಡುವುದನ್ನು ಬಿಟ್ಟಿದ್ದು 2001ರಲ್ಲಿ. ಆದರೂ ನ್ಯೂಯಾರ್ಕ್ ಮೆಟ್ಸ್ ತಂಡ ಪ್ರತಿ ಜುಲೈ 1ರಂದು ಅವರಿಗೆ 11,93,248 ಡಾಲರ್ ಎಣಿಸಿಕೊಡುತ್ತಿದೆ! 1999ರ ಋತು ಮುಗಿದಾಗ ಮೆಟ್ಸ್‌ಗೆ ಅವರು ಬೇಡವಾಗಿದ್ದರು. ಒಪ್ಪಂದದ ಬಾಕಿ 59 ಲಕ್ಷ ಡಾಲರ್. ಅದನ್ನು ಆಗಲೇ ಚುಕ್ತಾ ಮಾಡಿದ್ದರೆ ಮುಗಿದೇ ಹೋಗುತ್ತಿತ್ತು. ಬದಲಿಗೆ ಶೇ 8ರ ಬಡ್ಡಿ ಸೇರಿಸಿ, 2011ರಿಂದ 25 ಕಂತುಗಳಲ್ಲಿ ಕೊಡಲು ತಂಡ ಒಪ್ಪಿತು. ಒಟ್ಟು ಮೊತ್ತ ಸುಮಾರು 2.98 ಕೋಟಿ ಡಾಲರ್. ಮಾಲೀಕರ ಲೆಕ್ಕಾಚಾರವೇ ಬೇರೆ ಇತ್ತು: ಹೂಡಿಕೆ ವ್ಯವಹಾರಸ್ಥ ಬರ್ನಿ ಮೇಡಾಫ್ ಬಳಿ ಹೂಡಿದ ಹಣ ಆ ಬಡ್ಡಿಗಿಂತ ಹೆಚ್ಚು ಲಾಭ ತೋರಿಸುತ್ತಿತ್ತು, ಕಾಗದದ ಮೇಲಷ್ಟೇ ಅನ್ನಿ. 2008ರಲ್ಲಿ ಮೇಡಾಫ್‌ನ ಮಹಾವಂಚನೆ ಬಯಲಾಯಿತು. ಬೊನೀಯಾ ಒಪ್ಪಂದ ಮಾತ್ರ ಅಲುಗಲಿಲ್ಲ. ಕೊನೆಯ ಕಂತು 2035ರಲ್ಲಿ. ಆಗ ಅವರಿಗೆ 72 ವರ್ಷ.