ಚಳಿಗಾಲದಲ್ಲಿ ಸ್ಲ್ಯಾಬ್ ಹಾಕಿದರೆ ಕಾಂಕ್ರೀಟ್ ಹೆಪ್ಪುಗಟ್ಟುತ್ತದೆಯೇ? ನಿಜ ಏನು?

“ಚಳಿಗಾಲದಾಗ ಸ್ಲ್ಯಾಬ್ ಹಾಕಬ್ಯಾಡ್ರಿ, ಕಾಂಕ್ರೀಟ್ ಹೆಪ್ಪುಗಟ್ಟಿ ಒಡೀತದ. ಹಾಕೋದ ಆದ್ರ ನೀರಿಗೆ ಉಪ್ಪು ಬೆರೆಸ್ರಿ.” “ಹವಾ ತಂಪೈತಿ, ಎರಡು ದಿನ ನೀರು ಹೊಡೆದ್ರ ಸಾಕು.” ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಮನೆ ಕಟ್ಟಿಸುವವರು ಇಂಥ ಮಾತು ನಂಬಬಹುದೇ? ಒಂದೊಂದಾಗಿ ನೋಡೋಣ.

ಹೆಪ್ಪುಗಟ್ಟುತ್ತದೆಯೇ?

ಇಲ್ಲ. ಹಸಿ ಕಾಂಕ್ರೀಟ್‌ನೊಳಗಿನ ನೀರು ಮಂಜುಗಡ್ಡೆಯಾಗಲು ಉಷ್ಣಾಂಶ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯಬೇಕು. ಅದು ಲಡಾಖ್‌ನ ಸಮಸ್ಯೆ, ನಮ್ಮದಲ್ಲ. ಭಾರತೀಯ ಮಾನಕ ಐಎಸ್ 7861ರ ಪ್ರಕಾರ ಕಾಂಕ್ರೀಟ್‌ಗೆ ‘ಚಳಿ’ ಎಂದರೆ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ.

ಹಾಗಾದರೆ ಚಳಿಯಿಂದ ತೊಂದರೆಯೇ ಇಲ್ಲವೇ?

ಇದೆ. ಕಾಂಕ್ರೀಟ್ ಬಲಗೊಳ್ಳುವುದು ಒಣಗುವುದರಿಂದಲ್ಲ. ಸಿಮೆಂಟ್ ಮತ್ತು ನೀರಿನ ನಡುವಿನ ರಾಸಾಯನಿಕ ಕ್ರಿಯೆಯಿಂದ. ತಂಪು ಹೆಚ್ಚಿದಷ್ಟೂ ಆ ಕ್ರಿಯೆ ನಿಧಾನ. ಐಎಸ್ 456 (2000) ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬ್‌ನ ಆಸರೆ ಕಂಬಗಳನ್ನು ಕನಿಷ್ಠ 7 ದಿನ, ಅದಕ್ಕೂ ಅಗಲವಾದರೆ 14 ದಿನ ತೆಗೆಯಬಾರದು. ಈ ಲೆಕ್ಕ ಸಾಮಾನ್ಯ ಒಪಿಸಿ ಸಿಮೆಂಟ್‌ಗೆ, ಅದೂ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಮಾತ್ರ. ಡಿಸೆಂಬರ್, ಜನವರಿಯ ಕೆಲವು ರಾತ್ರಿ ನಮ್ಮಲ್ಲಿ ಅದಕ್ಕಿಂತಲೂ ಇಳಿಯುತ್ತದೆ. ಮನೆಗಳಿಗೆ ಹೆಚ್ಚಾಗಿ ಬಳಸುವ ಪಿಪಿಸಿ ಸಿಮೆಂಟ್ ಮೊದಲೇ ನಿಧಾನ. ಬಾಡಿಗೆ ಉಳಿಸಲು ಸೆಂಟ್ರಿಂಗ್ ಬೇಗ ಬಿಚ್ಚಿದರೆ ಸ್ಲ್ಯಾಬ್ ಬಾಗಬಹುದು, ಕುಸಿಯಲೂಬಹುದು. ಕೆಳಗೆ ನಿಂತವರ ಜೀವದ ಪ್ರಶ್ನೆ ಇದು.

ಉಪ್ಪು ಬೆರೆಸಬಹುದೇ?

ಬೇಡವೇ ಬೇಡ. ಉಪ್ಪಿನ ಕ್ಲೋರೈಡ್ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಗ್ಗಿದಂತೆ ಕಾಂಕ್ರೀಟ್ ಬಿರಿದು ಉದುರುತ್ತದೆ.

ಎರಡು ದಿನ ನೀರು ಸಾಕೇ?

ಸಾಲದು. ಚಳಿಗಾಲದ ಒಣಗಾಳಿ ನೀರನ್ನು ಹೀರುತ್ತದೆ. ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು.

ಏನು ಮಾಡಬೇಕು?

* ಬೆಳಿಗ್ಗೆ ಬೇಗ ಶುರು ಮಾಡಿ, ಬಿಸಿಲಿರುವಾಗಲೇ ಸ್ಲ್ಯಾಬ್ ಮುಗಿಸಿ.
* ಮೇಲ್ಮೈ ಗಟ್ಟಿಯಾದ ಮೇಲೆ ಒದ್ದೆ ಗೋಣಿಚೀಲ ಅಥವಾ ಭತ್ತದ ಹುಲ್ಲು ಹೊದಿಸಿ.
* ಮರುದಿನ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸಿ.
* ಸೆಂಟ್ರಿಂಗ್ ಬಿಚ್ಚುವ ದಿನವನ್ನು ಎಂಜಿನಿಯರ್ ಅವರನ್ನು ಕೇಳಿ ನಿರ್ಧರಿಸಿ. ಅನುಮಾನವಿದ್ದರೆ ಇನ್ನೂ ಕೆಲವು ದಿನ ಬಿಡಿ.

ಒಟ್ಟಿನಲ್ಲಿ, ಚಳಿಗಾಲದಲ್ಲಿ ಧಾರಾಳವಾಗಿ ಸ್ಲ್ಯಾಬ್ ಹಾಕಿಸಿ, ಆದರೆ ಬಿಚ್ಚಲು ಅವಸರ ಬೇಡ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನೇ ಮಾಡಿ.